ಏಡಿಯ ಚುಕ್ಕಿ, ಆಮೆಯ ಮೊಟ್ಟೆ

ಏ ನಿಶ್ಮಿ, ಕಾಲು ಎತ್ತು! ಆ ಮರಳಿನ ಉಂಡೆ ತುಳಿಯಬೇಡ ಅಂತ ಎಷ್ಟು ಸಲ ಹೇಳಲಿ? ಇಷ್ಟು ಪುಟ್ಟ ಉಂಡೆ ಯಾರಿಟ್ಟರು ಅಂತ ಕೇಳಿದೆಯಲ್ಲ, ಹೇಳುತ್ತೇನೆ. ನಡೆಯುತ್ತಲೇ ಕೇಳು. ಕೂತು ಕತೆ ಹೇಳುವಷ್ಟು ಪುರುಸೊತ್ತು ನಿನ್ನ ಅಮ್ಮಮ್ಮನಿಗಿಲ್ಲ, ದೋಣಿ ಬರುವ ಹೊತ್ತಾಯಿತು.

ಕಡಲಿಗೆ ಉಪ್ಪು ಬಿದ್ದು ಇನ್ನೂ ಸರಿಯಾಗಿ ಕರಗಿರದ ಕಾಲ ಅದು. ಕಡಲು ಎಲ್ಲಿವರೆಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ದಂಡೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಬರುತ್ತಿತ್ತು, ಹೋಗುತ್ತಿತ್ತು, ಅಷ್ಟೆ.

ಗೊತ್ತಿದ್ದದ್ದು ಒಂದು ಪುಟ್ಟ ಏಡಿಗೆ ಮಾತ್ರ. ಕಡಲೆಕಾಳಿನಷ್ಟು ದಪ್ಪ. ಒಂದು ಕಡೆ ನಿಂತದ್ದೇ ಇಲ್ಲ. ನೀರು ಏರಿದರೆ ಹಿಂದೆ ಓಡುತ್ತಿತ್ತು, ನೀರು ಇಳಿದರೆ ಮುಂದೆ ಓಡುತ್ತಿತ್ತು. ಓಡುತ್ತಾ ಓಡುತ್ತಾ ಹೆಜ್ಜೆ ಎಣಿಸುತ್ತಿತ್ತು. ಹನ್ನೆರಡು ಹುಣ್ಣಿಮೆ, ಹನ್ನೆರಡು ಅಮಾವಾಸ್ಯೆ ಎಣಿಸಿತು. ಕೊನೆಗೆ ಅದಕ್ಕೆ ಒಂದು ಸಂಗತಿ ಖಾತ್ರಿಯಾಯಿತು. ಹುಣ್ಣಿಮೆಗೂ ಅಮಾವಾಸ್ಯೆಗೂ ಕಡಲು ಉಳಿದ ದಿನಕ್ಕಿಂತ ತುಂಬ ಮೇಲಕ್ಕೆ ಬರುತ್ತದೆ.

ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದಕ್ಕೆ ಕೂರಲಾಗಲಿಲ್ಲ. ಯಾಕೆ ಹೇಳು? ಆಮೆಯಮ್ಮನಿಂದ. ಪಾಪ, ಅವಳು ಎರಡು ವರ್ಷ ಮೊಟ್ಟೆ ಇಟ್ಟಿದ್ದಳು. ಎರಡು ವರ್ಷವೂ ಕಡಲು ಬಂದು ಮೊಟ್ಟೆ ಎಳೆದುಕೊಂಡು ಹೋಗಿತ್ತು. ಒಂದು ಮರಿಯ ಮುಖವನ್ನೂ ಅವಳು ನೋಡಿರಲಿಲ್ಲ.

ಮೂರನೇ ವರ್ಷ, ಅಮಾವಾಸ್ಯೆಯ ಬೆಳಿಗ್ಗೆ, ನೀರು ದೂರ ಇಳಿದಿದ್ದಾಗ ಆಮೆಯಮ್ಮ ಏದುಸಿರು ಬಿಡುತ್ತಾ ದಂಡೆಗೆ ಬಂದಳು. ಆ ಕಾಲದಲ್ಲಿ ಆಮೆಗಳು ಹಗಲಲ್ಲೇ ಬರುತ್ತಿದ್ದವು. ಒದ್ದೆ ಮರಳು ಮೆತ್ತಗಿದೆ ಅಂತ ಅಲ್ಲೇ ಅಗೆಯಲು ಹೊರಟಳು.

"ಅಯ್ಯೋ, ಇಲ್ಲಿ ಬೇಡ!" ಏಡಿ ಓಡಿ ಬಂತು. "ಇವತ್ತು ನೀರು ಅಷ್ಟಮಿಗಿಂತ ಸಾವಿರದ ಎಂಬತ್ತು ಹೆಜ್ಜೆ ಮೇಲೆ ಬರುತ್ತದೆ. ಹೋದ ಹುಣ್ಣಿಮೆಗೆ ಸಾವಿರದ ಮೂವತ್ತೆರಡು. ಅದರ ಹಿಂದಿನ ಅಮಾವಾಸ್ಯೆಗೆ..."

"ಯಾರ ಹೆಜ್ಜೆ? ನಿನ್ನದೋ ನನ್ನದೋ?" ಅಂದಳು ಆಮೆಯಮ್ಮ.

"ನನ್ನದು. ಅಡ್ಡ ಹೆಜ್ಜೆ."

"ನಿನ್ನ ಅಡ್ಡ ಹೆಜ್ಜೆ ಕಟ್ಟಿಕೊಂಡು ನಾನೇನು ಮಾಡಲಿ? ಸರಿ ಅತ್ತ, ನನಗೆ ತಡೆಯಲಾಗುತ್ತಿಲ್ಲ."

ಎಂಟು ಕಾಲು, ಎರಡು ಕೈ ಇದ್ದರೂ ಏಡಿಗೆ ಕೈಕಾಲು ಆಡಲಿಲ್ಲ. ದಂಡೆಯ ಮೇಲೆ ಆಗ ಇದ್ದದ್ದು ಒಂದೇ ಮನೆ, ಅಕ್ಕಣಿ ಎನ್ನುವ ಹೆಂಗಸಿನದು. ಏಡಿ ಅಲ್ಲಿಗೆ ಓಡಿತು. ಅಕ್ಕಣಿ ಅಂಗಳದಲ್ಲಿ ಕೂತು, ಚಿಪ್ಪು ಸುಟ್ಟು ಮಾಡಿದ ಬಿಳಿ ಹುಡಿಯಲ್ಲಿ ರಂಗೋಲಿಯ ಚುಕ್ಕಿ ಇಡುತ್ತಿದ್ದಳು.

"ಅಕ್ಕಾ, ನನ್ನ ಮಾತು ಆಮೆಯಮ್ಮನ ತಲೆಗೆ ಹೋಗುತ್ತಿಲ್ಲ! ನಾನು ಎಣಿಸಿದ್ದು ಸುಳ್ಳಲ್ಲ, ಆಣೆ ಮಾಡುತ್ತೇನೆ!"

ಅಕ್ಕಣಿ ತಲೆ ಎತ್ತಲಿಲ್ಲ. "ಎಣಿಸಿದವನು ನೀನು. ಅವಳ ಕಣ್ಣಿಗೆ ಕಾಣುವುದು ಬೇಡವಾ? ಈ ರಂಗೋಲಿ ನೋಡಿದರೆ ದಾರಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಎಲ್ಲ ಸೌಖ್ಯ ಅಂತ. ನಾನು ಬಾಯಿಬಿಟ್ಟು ಹೇಳಬೇಕಾ?"

"ಇದು ಅಳಿಸಿ ಹೋಗುತ್ತದಲ್ಲ?"

"ಹೋದರೆ ನಾಳೆ ಮತ್ತೆ ಇಡುತ್ತೇನೆ. ಅದಕ್ಕೆಲ್ಲ ಎಂತ ತಲೆಬಿಸಿ?"

ಏಡಿಯ ಹತ್ತಿರ ಹುಡಿ ಎಲ್ಲಿಂದ ಬರಬೇಕು? ಆಮೆಯಮ್ಮನ ಹತ್ತಿರಕ್ಕೆ ವಾಪಸು ಓಡಿತು, ಅಲ್ಲಿ ಇದ್ದದ್ದು ಮರಳು. ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಇಟ್ಟಿತು. ಇನ್ನೊಂದು ಇಟ್ಟಿತು. ಮತ್ತೊಂದು ಇಟ್ಟಿತು. ದೊಡ್ಡ ಹೂವಾಯಿತು, ಸುತ್ತ ಎಸಳಾಯಿತು.

"ಅಬ್ಬ, ಎಷ್ಟು ಚಂದ!" ಅಂದ ಆಮೆಯಮ್ಮ ಹೋಗಿ ಆ ಹೂವಿನ ನಡುವೆಯೇ ಅಗೆಯತೊಡಗಿದಳು.

ನಗಬೇಡ ಮಗಾ. ಏಡಿಗೆ ಅಳುವೇ ಬಂತು. ಚಂದ ಮಾಡುವ ಭರದಲ್ಲಿ ಅದು ಹೇಳಬೇಕಾದದ್ದನ್ನೇ ಬಿಟ್ಟಿತ್ತು. ಬಿಸಿಲು ಏರುತ್ತಿತ್ತು. ದೂರದಲ್ಲಿ ಕಡಲು ಮಗ್ಗುಲು ಬದಲಿಸಿ ಈ ಕಡೆ ಹೊರಟಿತ್ತು.

"ಆಮೆಯಮ್ಮಾ, ನೀರು ಒಮ್ಮೆ ಏರಿ ಇಳಿಯುವವರೆಗೆ ತಡೆದುಕೋ. ನಿನ್ನ ದಮ್ಮಯ್ಯ!"

"ಹೊಟ್ಟೆ ನೋಯುತ್ತಿದೆ ಕಣೋ."

"ಎರಡು ವರ್ಷ ನೊಂದದ್ದು ಸಾಲದಾ?"

ಆಮೆಯಮ್ಮನ ಕಾಲು ಅಗೆಯುವುದನ್ನು ನಿಲ್ಲಿಸಿತು. "ಒಂದೇ ಸಲ," ಅಂದಳು.

ಈ ಸಲ ಏಡಿ ಹೂವು ಬಿಡಿಸಲಿಲ್ಲ. ನೀರಿನ ಅಂಚಿನಿಂದ ಮೇಲಿನ ಒಣಮರಳಿನವರೆಗೆ ಸಾಲು ಸಾಲು ಚುಕ್ಕಿ ಇಟ್ಟಿತು. ನೀರು ಎಲ್ಲಿ ನಿಲ್ಲುತ್ತದೆ ಅಂತ ಎಣಿಸಿತ್ತೋ ಅಲ್ಲಿ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟು ಒಂದು ಬಳ್ಳಿ ಮಾಡಿತು. "ನೋಡುತ್ತಿರು. ಬಳ್ಳಿಯ ಕೆಳಗಿನ ಚುಕ್ಕಿಯನ್ನೆಲ್ಲ ಕಡಲು ತಿನ್ನುತ್ತದೆ. ಮೇಲಿನದನ್ನು ಮುಟ್ಟುವುದಿಲ್ಲ."

ಕಡಲು ಬಂತು. ಮೊದಲ ಸಾಲು ಹೋಯಿತು. ಹತ್ತನೆಯ ಸಾಲು ಹೋಯಿತು. ಹೂವು ಹೋಯಿತು. ಆಮೆಯಮ್ಮ ಅಗೆದಿದ್ದ ಗುಂಡಿಯೂ ಹೋಯಿತು.

ನಡುಹಗಲಿಗೆ ನೀರು ಬಳ್ಳಿಯ ಹತ್ತಿರವೇ ಬಂತು. ಏಡಿ ಅತ್ತಿಂದಿತ್ತ, ಇತ್ತಿಂದತ್ತ ಓಡಿತು. ಎಣಿಸಿದ್ದು ತಪ್ಪಿದ್ದರೆ? ಒಂದು ತೆರೆ ಬಂದು ಬಳ್ಳಿಯ ಅರ್ಧ ನೆಕ್ಕಿತು. ಇನ್ನೊಂದು ತೆರೆ ಉಳಿದರ್ಧ ನೆಕ್ಕಿತು. ಮೂರನೆಯದು ಅಲ್ಲಿವರೆಗೂ ಬರಲಿಲ್ಲ. ಮೇಲಿನ ಚುಕ್ಕಿ ಒಂದೂ ಅಳಿಸಿರಲಿಲ್ಲ.

ಆಮೆಯಮ್ಮ ಆ ಚುಕ್ಕಿಗಳನ್ನು ದಾಟಿ ಒಣಮರಳಿಗೆ ಹೋಗಿ, ಗುಂಡಿ ತೋಡಿ, ಮೊಟ್ಟೆ ಇಟ್ಟು ಮುಚ್ಚಿದಳು. ಕಡಲಿಗೆ ಇಳಿಯುವಾಗ ಕೇಳಿದಳು, "ಮುಂದಿನ ವರ್ಷವೂ ಚುಕ್ಕಿ ಇಡುತ್ತೀಯಾ?"

"ಇಡುತ್ತೇನೆ," ಅಂದಿತು ಏಡಿ.

ಕಡಲು ಗಹಗಹಿಸಿ ನಕ್ಕಿತು. "ನಾನು ದಿನಕ್ಕೆ ಎರಡು ಸಲ ಅಳಿಸುತ್ತೇನೆ, ನೋಡು!"

"ಅಳಿಸು. ನಾನು ಎರಡು ಸಲ ಇಡುತ್ತೇನೆ. ಅದಕ್ಕೆಲ್ಲ ಎಂತ ತಲೆಬಿಸಿ?"

ಬಾಯಲ್ಲಿ ಹಾಗಂದಿತು, ಆದರೆ ಐವತ್ತು ದಿನ ಏಡಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ ಮರಳು ಅಲುಗಿತು. ಒಂದು ತಲೆ ಕಂಡಿತು, ಆಮೇಲೆ ಹತ್ತು, ಆಮೇಲೆ ರಾಶಿ ರಾಶಿ. ಮರಿಗಳು ಚುಕ್ಕಿಯನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿಕೊಂಡು ನೀರಿಗೆ ಓಡಿದವು. ತೆರೆಯಾಚೆ ಆಮೆಯಮ್ಮ ಕತ್ತು ಎತ್ತಿ ಕಾಯುತ್ತಿದ್ದಳು. ಏಡಿಗೆ ಎಷ್ಟು ಖುಷಿಯಾಯಿತೆಂದರೆ, ಆ ದಿನ ಎಣಿಸುವುದೇ ಮರೆತುಹೋಯಿತು.

ಅದಕ್ಕೇ ಮಗಾ, ಇವತ್ತಿಗೂ ಆಮೆ ನೀರಿನ ಅಂಚಿನಲ್ಲಿ ಮೊಟ್ಟೆ ಇಡದೆ ಮೇಲಿನ ಒಣಮರಳಿಗೆ ಹತ್ತಿ ಹೋಗುತ್ತದೆ. ಇವತ್ತಿಗೂ ಕಡಲು ಅಳಿಸಿ ಅತ್ತ ಹೋದದ್ದೇ ತಡ, ಏಡಿ ಬಿಲದಿಂದ ಓಡಿ ಬಂದು, ಈಗ ನಿನ್ನ ಕಾಲ ಹತ್ತಿರ ಇವೆಯಲ್ಲ, ಆ ಉಂಡೆಗಳನ್ನು ಮತ್ತೆ ಮೊದಲಿನಿಂದ ಇಡುತ್ತದೆ.