ದಣಿದ ಗೊರವ

ಬಯಲುಸೀಮೆಯ ದೊಡ್ಡ ಕೆರೆಯೊಂದರ ಏರಿಯ ಪಕ್ಕದಲ್ಲಿ ಮುಪ್ಪಯ್ಯ ಎಂಬ ಗುರುಗಳ ಮಠವಿತ್ತು. ಮಠವೆಂದರೆ ಎರಡು ಅಂಕಣದ ಮನೆ, ಮುಂದೊಂದು ಜಗಲಿ, ಹಿಂದೊಂದು ಸೊಪ್ಪಿನ ಮಡಿ. ಅಷ್ಟೆ.

ನವರಾತ್ರಿ ಮುಗಿದು ಬೆಳಗಿನ ಗಾಳಿ ತಣ್ಣಗಾಗತೊಡಗಿದರೆ ಆ ಕೆರೆಗೆ ಹಕ್ಕಿಗಳು ಬರುತ್ತಿದ್ದವು. ಹಿಮ ಬೀಳುವ ನಾಡುಗಳಿಂದ ಬಾತುಗಳು, ಸಿಪಿಲೆಗಳು, ಉದ್ದ ಕೊಕ್ಕಿನ ಗೊರವಗಳು.

ಮುಪ್ಪಯ್ಯನವರ ಶಿಷ್ಯ ಹಾಲೇಶನಿಗೆ ಆ ಹಕ್ಕಿಗಳ ಹುಚ್ಚು. ಆಕಾಶದಲ್ಲಿ ಚುಕ್ಕೆಯಷ್ಟು ಕಂಡರೂ ಸಾಕು, ಇಂಥದ್ದೇ ಎಂದುಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ತಪ್ಪುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಒಂದು ಭಾನುವಾರ ಮುಂಜಾನೆ, ಮಂಜು ಇನ್ನೂ ನೀರಿನ ಮೇಲೆ ಮಲಗಿರುವಾಗ, ಒಂಟಿ ಗೊರವವೊಂದು ಪಡುವಣದಿಂದ ಬಂತು. ಇಳಿಯಿತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಕೆಸರಿನಲ್ಲಿ ಮುಗ್ಗರಿಸಿತು, ಸಾವರಿಸಿಕೊಂಡಿತು, ಒಂಟಿ ಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿತು.

ಏರಿಯ ಮೇಲಿದ್ದ ಹಾಲೇಶ ದಡಕ್ಕನೆ ಎದ್ದು ನಿಂತ. ಬೀಳುವ ಆ ಗಳಿಗೆಯಲ್ಲಿ ಹಕ್ಕಿಯ ಬಾಲದಲ್ಲಿ ಅವನಿಗೆ ಪಟ್ಟೆ ಕಂಡಿತ್ತು.

ಕಪ್ಪು ಬಾಲದ ಗೊರವ ಆ ಕೆರೆಗೆ ವರ್ಷವರ್ಷವೂ ಬರುತ್ತದೆ. ಪಟ್ಟೆ ಬಾಲದ್ದು ಹಾಗಲ್ಲ. ಅದು ಕಡಲ ದಂಡೆ ಬಿಟ್ಟು ಒಳನಾಡಿಗೆ ಬರುವುದೇ ಅಪರೂಪ. ಆ ಕೆರೆಯಲ್ಲಿ ಅದನ್ನು ಕಂಡವರೇ ಇರಲಿಲ್ಲ. ದೂರದಲ್ಲಿ ನಿಂತಾಗ ಎರಡೂ ಅಣ್ಣತಮ್ಮಂದಿರಂತೆ. ಹಾರಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಕಪ್ಪು ಬಾಲದ್ದರ ರೆಕ್ಕೆಯಲ್ಲಿ ಬೆಳ್ಳನೆಯ ಗೆರೆ ಬಿಚ್ಚಿಕೊಳ್ಳುತ್ತದೆ. ಪಟ್ಟೆ ಬಾಲದ್ದಕ್ಕೆ ಆ ಗೆರೆ ಇಲ್ಲ.

ಹಾಲೇಶ ಮಠಕ್ಕೆ ಓಡಿದ. ಗುರುಗಳು ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದರು.

"ಬುದ್ಧೀ! ಪಟ್ಟೆ ಬಾಲದ ಗೊರವ ಬಂದಿದೆ!"

"ಹೇಗಿದೆ?"

"ಪಟ್ಟೆ ಬಾಲದ್ದು ಬುದ್ಧೀ. ನಮ್ಮ ಕೆರೇಲಿ ಯಾರೂ ಕಂಡಿಲ್ಲ."

"ಅದನ್ನ ಹೇಳಿದೆಯಲ್ಲ. ಹೇಗಿದೆ ಅಂದೆ."

ಹಾಲೇಶನಿಗೆ ಪ್ರಶ್ನೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ವ್ಯವಧಾನವೂ ಇರಲಿಲ್ಲ. ಅವನು ಆಗಲೇ ಪಟ್ಟಣಕ್ಕೆ ಫೋನ್ ಮಾಡುತ್ತಿದ್ದ.

ಪಟ್ಟಣದಲ್ಲಿ ವನಜಾಕ್ಷಿ ಎಂಬ ಉಪನ್ಯಾಸಕಿ ಇದ್ದರು. ಹಕ್ಕಿ ನೋಡುವವರ ಒಂದು ಕೂಟವನ್ನು ಕಟ್ಟಿದ್ದರು. ಇಂಥ ಕೆರೆಯಲ್ಲಿ ಇಂಥ ಹಕ್ಕಿ ಕಂಡಿತು ಎಂದು ಅವರು ಒಪ್ಪಿದರೆ ಅದಕ್ಕೆ ಬೆಲೆ. ಬಿಸಿಲು ಏರುವ ಮೊದಲೇ ಎರಡು ಕಾರುಗಳಲ್ಲಿ ಜನರನ್ನು ತುಂಬಿಸಿಕೊಂಡು ಬಂದರು.

ಗೊರವ ನಿಂತಲ್ಲೇ ನಿಂತಿತ್ತು. ಮಡಿಸಿದ ರೆಕ್ಕೆ ಬಾಲವನ್ನು ಮುಚ್ಚಿತ್ತು.

ವನಜಾಕ್ಷಿ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು.

"ಹಾಲೇಶಣ್ಣ, ಇದು ಕಪ್ಪು ಬಾಲದ್ದೇ ಇರಬಹುದಲ್ಲ?"

"ಅಲ್ಲ ಮೇಡಂ. ಇಳಿಯುವಾಗ ನಾನೇ ಕಂಡಿದ್ದೀನಿ. ಬಾಲದಲ್ಲಿ ಪಟ್ಟೆ ಇತ್ತು."

"ಮಂಜಿತ್ತಂತೆ?"

"ಮಂಜು ನನ್ನ ಕಣ್ಣಲ್ಲಿರಲಿಲ್ಲ."

ಕೂಟದವರು ನಕ್ಕರು. ದೊಡ್ಡ ಕ್ಯಾಮೆರಾ ಹೊತ್ತಿದ್ದ ಕರಿಸಿದ್ದಪ್ಪ ಎಂಬಾತ ಹೇಳಿದ: "ವಾದ ಯಾಕೆ? ಒಂದು ಸಲ ಹಾರಿಸಿದರೆ ಆಯ್ತು. ರೆಕ್ಕೆ ಬಿಚ್ಚಲಿ, ಸತ್ಯ ಕಾಣುತ್ತೆ."

ಹಾಲೇಶನಿಗೂ ಅದೇ ಬೇಕಿತ್ತು. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡ. ಹಕ್ಕಿಗೆ ತಾಗಿಸುವ ಉದ್ದೇಶವೇನೂ ಇರಲಿಲ್ಲ. ಪಕ್ಕದಲ್ಲಿ ನೀರು ಚಿಮ್ಮಿದರೆ ಸಾಕು.

ಆಗ ಗುರುಗಳು ಏರಿಯ ಮೇಲೆ ನಿಧಾನವಾಗಿ ನಡೆದುಕೊಂಡು ಬಂದರು. ಜನ ದಾರಿ ಬಿಟ್ಟರು.

"ಏನಪ್ಪಾ ಕೈಯಲ್ಲಿ?"

"ಹೆಂಟೆ, ಬುದ್ಧೀ."

"ಯಾಕೆ?"

"ನಾನು ಹೇಳಿದ್ದು ಸತ್ಯ ಅಂತ ತೋರಿಸೋಕೆ. ಸತ್ಯ ಬಿಡಬೇಡ ಅಂತ ತಾವೇ ಹೇಳ್ತೀರಿ."

"ಹೇಳ್ತೀನಿ." ಗುರುಗಳು ಅವನ ಪಕ್ಕದಲ್ಲಿ ನಿಂತು ಕೆರೆಯ ಕಡೆ ನೋಡಿದರು. "ಹಾಲೇಶ, ನೀನು ಮಠಕ್ಕೆ ಬಂದದ್ದು ಹೇಗೆ, ನೆನಪಿದೆಯಾ?"

ಅದನ್ನು ಮರೆಯುವುದುಂಟೆ? ಜ್ವರ ಬಂದ ಮೈ, ಬಿರಿದ ಪಾದ. ಊರು ಬಿಟ್ಟು ಎಲ್ಲೆಲ್ಲೋ ಅಲೆದು ಒಂದು ಮಧ್ಯಾಹ್ನ ಆ ಜಗಲಿಯ ಮೇಲೆ ಬಂದು ಬಿದ್ದಿದ್ದ.

"ನೆನಪಿದೆ, ಬುದ್ಧೀ."

"ಆವತ್ತು ನಿನ್ನನ್ನ ಎಬ್ಬಿಸಿ, ಯಾವೂರು, ಯಾರ ಮಗ, ಯಾವ ಕುಲ ಅಂತ ಯಾರು ಕೇಳಿದರು?"

"ಯಾರೂ ಕೇಳಲಿಲ್ಲ. ತಾವು ಅಂಬಲಿ ಕುಡಿಸಿದಿರಿ. ಕಂಬಳಿ ಹೊದಿಸಿದಿರಿ."

"ಹೂಂ."

ಗುರುಗಳು ತಿರುಗಿದರು. ಬಂದ ಹಾಗೇ ನಿಧಾನವಾಗಿ ಮಠದ ಕಡೆ ನಡೆದರು.

ಹಾಲೇಶ ಹಕ್ಕಿಯನ್ನು ನೋಡಿದ. ಬೆಳಗಿನಿಂದ ಎಷ್ಟು ಸಲ ನೋಡಿದ್ದ! ಆದರೆ ಈಗ ಕಂಡದ್ದು ಬೇರೆ. ಎದೆಯ ಮೂಳೆ ಗರಿಯ ಅಡಿಯಲ್ಲಿ ಎದ್ದು ಕಾಣುತ್ತಿತ್ತು. ಒಂದು ರೆಕ್ಕೆ ಕೊಂಚ ಜೋತಿತ್ತು. ನಿಂತ ಒಂಟಿ ಕಾಲು ಸಣ್ಣಗೆ ನಡುಗುತ್ತಿತ್ತು.

ಅವನ ಬೆರಳು ಸಡಿಲವಾಯಿತು. ಹೆಂಟೆ ಕಾಲ ಬಳಿ ಬಿದ್ದು ಪುಡಿಯಾಯಿತು.

"ಹಾರಿಸೋದು ಬೇಡ," ಎಂದ.

"ಅಂದರೆ?" ಎಂದ ಕರಿಸಿದ್ದಪ್ಪ.

"ಎಲ್ಲಿಂದಲೋ ಬಂದಿದೆ. ನಿದ್ದೆ ಮಾಡ್ತಿದೆ. ಮಾಡಲಿ."

"ನೀವೇ ಕರೆಸಿದಿರಿ, ಈಗ ನೀವೇ ಬೇಡ ಅಂತೀರಿ. ಹಾರಿದರೆ ಬಣ್ಣ ಬಯಲಾಗುತ್ತೆ ಅಂತ ಭಯವೇನು?"

ಹಾಲೇಶ ಬಾಯಿಯ ತನಕ ಬಂದ ಮಾತನ್ನು ನುಂಗಿದ.

"ಹಾಗೇ ಅಂದುಕೊಳ್ಳಿ ಸಾರ್."

ಕರಿಸಿದ್ದಪ್ಪ ತಾನೇ ಏರಿಯಿಂದ ಇಳಿಯಲು ಹೊರಟ. ಹಾಲೇಶ ಅಡ್ಡ ನಿಂತ. ಕೈ ಎತ್ತಲಿಲ್ಲ, ದನಿ ಏರಿಸಲಿಲ್ಲ, ಸುಮ್ಮನೆ ನಿಂತ. ಕರಿಸಿದ್ದಪ್ಪ ಬಲಕ್ಕೆ ಸರಿದರೆ ತಾನೂ ಬಲಕ್ಕೆ ಸರಿದ.

"ಬನ್ನಿ ಕರಿಸಿದ್ದಪ್ಪ, ಸಾಕು," ಎಂದರು ವನಜಾಕ್ಷಿ. ಹಾಲೇಶನ ಕಡೆ ತಿರುಗಿ, "ನಾವು ಇದನ್ನ ಒಪ್ಪೋಕಾಗಲ್ಲ ಹಾಲೇಶಣ್ಣ. ಬೇಜಾರು ಮಾಡ್ಕೋಬೇಡಿ," ಎಂದರು.

"ಇಲ್ಲ ಮೇಡಂ."

ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ಒಳಗಿನಿಂದ ಯಾರೋ ನಕ್ಕದ್ದು ಹಾಲೇಶನಿಗೆ ಕೇಳಿಸಿತು.

ಅಂದಿನಿಂದ ಅವನು ಹಕ್ಕಿಗೆ ಕಾವಲಾದ. ಎಮ್ಮೆ ಮೈ ತೊಳೆಯಲು ಬಂದವರನ್ನು ಕೆರೆಯ ಆಚೆ ಬದಿಗೆ ಕಳಿಸಿದ. ನಾಯಿ ಬಂದರೆ ದೂರದಲ್ಲೇ ತಡೆದ. ಗೊರವ ಮೊದಲು ನಿಂತೇ ಇತ್ತು. ಆಮೇಲೆ ಎರಡು ಹೆಜ್ಜೆ ಇಟ್ಟಿತು. ಕೊಕ್ಕನ್ನು ಕೆಸರಿಗೆ ಊರಿ ಹುಳು ಎತ್ತಿತು. ಬರಬರುತ್ತಾ ಅದರ ಎದೆ ತುಂಬಿಕೊಂಡಿತು, ಜೋತ ರೆಕ್ಕೆ ಮೈಗೆ ಅಂಟಿತು.

ನಿಂದೆಯ ಮಾತು ಆಗಾಗ ನೆನಪಾಗುತ್ತಿತ್ತು. ಆದರೂ ಹಾಲೇಶ ಅಂಜಲಿಲ್ಲ. 'ಹಾರುವ ದಿನ ತಾನಾಗಿ ಹಾರುತ್ತದೆ. ಪಟ್ಟೆ ಬಾಲದ್ದು ಅಂತ ಅವತ್ತು ಗೊತ್ತಾಗುತ್ತದೆ' ಎಂದುಕೊಳ್ಳುತ್ತಿದ್ದ.

ಆ ದಿನವೂ ಬಂತು. ಒಂದು ಬೆಳಿಗ್ಗೆ ಗಿಡುಗವೊಂದು ಕೆರೆಯ ಮೇಲೆ ಹಾಯಿತು. ಬಾತುಗಳೆಲ್ಲ ಭರ್ರೆಂದು ಎದ್ದವು. ಅವುಗಳ ನಡುವೆ ಗೊರವವೂ ಎದ್ದಿತು.

ಬಿಸಿಲು ನಿಚ್ಚಳವಾಗಿತ್ತು. ಹಕ್ಕಿ ಹಾಲೇಶನ ತಲೆಯ ಮೇಲಿಂದಲೇ ಹಾದುಹೋಯಿತು. ಅದರ ರೆಕ್ಕೆಯ ಉದ್ದಕ್ಕೂ ಬೆಳ್ಳನೆಯ ಗೆರೆ ಮಲ್ಲಿಗೆಯ ದಂಡೆಯಂತೆ ಬಿಚ್ಚಿಕೊಂಡಿತ್ತು. ಬಾಲ ಕಾಡಿಗೆಯಷ್ಟು ಕಪ್ಪು.

ಹಾಲೇಶ ಏರಿಯ ಕಲ್ಲಿನ ಮೇಲೆ ಕುಳಿತುಬಿಟ್ಟ.

ಸುತ್ತ ಯಾರೂ ಇರಲಿಲ್ಲ. ಗೊರವ ಒಂದು ಸುತ್ತು ಹಾಕಿ, ಎತ್ತರಕ್ಕೇರಿ, ತೆಂಕಣಕ್ಕೆ ಹೊರಟುಹೋಯಿತು.

ಮಠಕ್ಕೆ ಬಂದಾಗ ಗುರುಗಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಹೋಯಿತು, ಬುದ್ಧೀ."

"ಚೆನ್ನಾಗಿ ಹಾರಿತಾ?"

"ಚೆನ್ನಾಗಿ ಹಾರಿತು." ಹಾಲೇಶ ಜಗಲಿಯ ಅಂಚಿನಲ್ಲಿ ಕುಳಿತ. "ನಾನು ಹೇಳಿದ್ದು ತಪ್ಪು ಬುದ್ಧೀ. ಅದು ಕಪ್ಪು ಬಾಲದ್ದು."

"ಯಾರು ಕಂಡರು?"

"ನಾನೊಬ್ಬನೇ."

ಗುರುಗಳು ಕಾಳು ಬಿಡಿಸುತ್ತಲೇ ಇದ್ದರು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ.

"ಪಟ್ಟಣಕ್ಕೆ ಹೋಗಿ ಹೇಳಿ ಬರ್ತೀನಿ," ಎಂದ ಹಾಲೇಶ.

"ಊಟ ಮಾಡಿಕೊಂಡು ಹೋಗು. ಬಿಸಿಲಿದೆ."

ವನಜಾಕ್ಷಿ ಬಾಗಿಲು ತೆಗೆದವರು ಅವನನ್ನು ಕಂಡು ಬೆರಗಾದರು. ಹಾಲೇಶ ಒಳಗೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಹೇಳಿದ.

"ಮೇಡಂ, ಅದು ಹಾರಿತು. ರೆಕ್ಕೆಯಲ್ಲಿ ಬಿಳಿ ಗೆರೆ ಇತ್ತು. ನಿಮ್ಮ ಮಾತೇ ಸರಿ."

"ಇಷ್ಟು ಹೇಳೋಕೆ ಇಷ್ಟು ದೂರ ಬಂದಿರಾ?"

"ಫೋನಲ್ಲಿ ಹೇಳಿದರೆ ನನ್ನ ಮುಖ ಕಾಣುತ್ತಿರಲಿಲ್ಲ."

"ಹೇಳದೇ ಇದ್ದಿದ್ದರೆ ಯಾರಿಗೆ ತಿಳೀತಿತ್ತು ಹಾಲೇಶಣ್ಣ?"

"ನನಗೆ ತಿಳಿದಿತ್ತಲ್ಲ ಮೇಡಂ."

ವನಜಾಕ್ಷಿ ಅವನನ್ನೇ ನೋಡಿದರು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೈಗಿತ್ತರು.

"ಇನ್ನು ಮೇಲೆ ಆ ಕೆರೆಯಲ್ಲಿ ನೀವು ಯಾವ ಹಕ್ಕಿ ಕಂಡೆ ಅಂದರೂ ಸಾಕು," ಎಂದರು. "ಹಾರಿಸಿ ನೋಡುವಂಥದ್ದೇನೂ ಇಲ್ಲ."

ಹಾಲೇಶ ನಡೆದುಕೊಂಡೇ ಮಠಕ್ಕೆ ಮರಳಿದ. ಮೈ ಹಗುರವಾಗಿತ್ತು. ಆದರೆ ಒಂದು ಮುಳ್ಳು ಮಾತ್ರ ಒಳಗೆ ಉಳಿದಿತ್ತು. ಸಂಜೆ ಗುರುಗಳ ಕಾಲ ಬಳಿ ಕುಳಿತು ಅದನ್ನೂ ಹೊರಗಿಟ್ಟ.

"ಬುದ್ಧೀ, ಅಪರೂಪದ ಹಕ್ಕಿ ಅಂತ ತಾನೇ ನಾನು ಅದನ್ನ ಕಾದದ್ದು? ಪಟ್ಟೆ ಬಾಲದ್ದಾಗಿದ್ದಿದ್ದರೆ ಆ ನಗೆಪಾಟಲಿಗೂ ಒಂದು ಬೆಲೆ ಇತ್ತು. ವರ್ಷವರ್ಷ ಬರೋ ಸಾಮಾನ್ಯ ಗೊರವಕ್ಕಾಗಿ ಅಷ್ಟು ಜನರ ಎದುರು ತಲೆ ತಗ್ಗಿಸಿದೆನಲ್ಲ!"

ಮುಪ್ಪಯ್ಯನವರು ಕೆರೆಯ ಕಡೆಯಿಂದ ಮುಖ ತಿರುಗಿಸಿ ಶಿಷ್ಯನನ್ನು ನೋಡಿದರು.

"ಯಾಕಪ್ಪಾ, ಸಾಮಾನ್ಯ ಗೊರವಕ್ಕೆ ರೆಕ್ಕೆ ನೋಯೋದಿಲ್ಲವೇನು?"