ಕರಡಿಬೆಟ್ಟದ ಕೆಂಪು ರಸ

“ಆ ದ್ರಾಕ್ಷಿ ಬಳ್ಳಿಯನ್ನೆಲ್ಲ ಬುಡಸಮೇತ ಕಿತ್ತು ಒಲೆಗೆ ಹಾಕಿ!” ಕರಡಿಬೆಟ್ಟದ ದೊರೆ ಹಾಲಪ್ಪನಾಯಕ ಗುಡುಗಿದ. “ನಮ್ಮ ಬೆಟ್ಟದ ಕೆಂಪು ರಸದ ಮುಂದೆ ಅಮೃತವೂ ಸಪ್ಪೆ ಅಂತ ಊರೆಲ್ಲ ಕೊಚ್ಚಿಕೊಳ್ಳುತ್ತದೆ. ಅರಮನೆಗೆ ಬಂದದ್ದು ಮಾತ್ರ ಪ್ರತಿ ವರ್ಷವೂ ಕೆಟ್ಟದ್ದೇ!”

ತೋಟದ ಒಡತಿ ಹೊನ್ನೂರವ್ವ ಈ ಸಲದ ಗಡಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣೀರಿಡುತ್ತಾ ಕೈಮುಗಿದು ನಿಂತಿದ್ದಳು.

“ನಮ್ಮಪ್ಪ ಹಚ್ಚಿದ ಬಳ್ಳಿ ರೀ ದೊರಿ. ಮಕ್ಕಳಂಗ ಸಾಕೀನಿ. ಒಂದು ಗುಟುಕು ನೀವೇ ಕುಡುದು ನೋಡ್ರಿ, ಆಮ್ಯಾಲೆ ಬೇಕಾದ್ರ ನನ್ನೂ ಒಲಿಗೆ ಹಾಕ್ರಿ.”

ದೊರೆ ಕುಡಿಯುವಂತಿರಲಿಲ್ಲ. ವಿಷದ ಭಯ ನೋಡಿ! ಅವನ ಬಾಯಿಗೆ ಹೋಗುವುದೆಲ್ಲ ಮೊದಲು ಅರಮನೆಯ ರುಚಿ ನೋಡುವವ ಸಿಂಗರಸನ ನಾಲಿಗೆ ದಾಟಬೇಕು. ಸಿಂಗರಸ ‘ಸಲ್ಲದು’ ಎಂದರೆ ದೊರೆ ಮುಟ್ಟುವ ಹಾಗಿಲ್ಲ. ಕೊಟ್ಟವರಿಗೆ ಹಿಂತಿರುಗಿಸಿದರೆ ಅಪಶಕುನ. ಹಾಗಾಗಿ ಸಲ್ಲದ್ದೆಲ್ಲ ರುಚಿ ನೋಡಿದವನ ಪಾಲು. ಇದು ಅಜ್ಜನ ಕಾಲದ ಪದ್ಧತಿ.

ಸಿಂಗರಸ ಒಂದು ಬಟ್ಟಲು ಕುಡಿದ. ಖಾತ್ರಿಯಾಗಲಿ ಎಂದು ಇನ್ನೊಂದು ಬಟ್ಟಲು ಕುಡಿದ. ಆಮೇಲೆ ಮುಖ ಕಿವುಚಿದ.

“ಬರೀ ಹುಳಿ, ಒಗರು. ಸಲ್ಲದು. ಆದರೆ ಪ್ರಭು, ಬಳ್ಳಿ ಕೀಳಿಸುವುದು ಬೇಡ. ಮುಂದಿನ ವರ್ಷ ಸುಧಾರಿಸೀತು. ಬೇಕಾದರೆ ಎರಡು ಗಡಿಗೆ ತರಲಿ.”

ಆಸ್ಥಾನದ ವಿದೂಷಕ ಕೋನೇರಿಗೆ ಹೊನ್ನೂರವ್ವನ ಕಣ್ಣೀರು ನೋಡಿ ಆಗಲೇ ಕರುಳು ಚುರ್ ಎಂದಿತ್ತು. ಈ ಮಾತು ಕೇಳಿ ಅವನ ಕಿವಿ ನೆಟ್ಟಗಾಯಿತು. ಬೇವಿನ ಕಷಾಯ ಕುಡಿದವನು ಇನ್ನೊಂದು ಲೋಟ ಕೇಳುವುದುಂಟೇ?

“ಪ್ರಭು,” ಎಂದ ಕೋನೇರಿ, “ಸಿಂಗರಸರನ್ನು ನೋಡಿದರೆ ಅಯ್ಯೋ ಪಾಪ ಅನಿಸುತ್ತದೆ. ವರ್ಷವರ್ಷವೂ ಈ ಕೆಟ್ಟ ರಸವನ್ನು ಅವರೊಬ್ಬರೇ ಮನೆಗೆ ಹೊರಬೇಕು. ಈ ಸಲವಾದರೂ ಅವರ ಹೊಟ್ಟೆ ಕಾಪಾಡೋಣ. ಅಂಗಳದ ಮೋರಿಗೆ ಸುರಿದುಬಿಡಲೇ?”

“ಸುರಿ!” ಎಂದ ದೊರೆ.

“ಪದ್ಧತಿ ಮುರಿಯಬಾರದು ಪ್ರಭು!” ಸಿಂಗರಸ ತಡವರಿಸಿದ. “ನನ್ನ ಕಷ್ಟ ನನಗಿರಲಿ.”

“ಆಹಾ, ಎಂಥ ತ್ಯಾಗ!” ಎನ್ನುತ್ತಾ ಕೋನೇರಿ ಗಡಿಗೆ ಹೊತ್ತು ಅಂಗಳಕ್ಕಿಳಿದ. ಹೊನ್ನೂರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗಡಿಗೆ ಮೆಲ್ಲಗೆ ಓರೆಯಾಯಿತು. ನಾಲ್ಕು ಕೆಂಪು ಹನಿ ಕಲ್ಲಿನ ಮೇಲೆ ಬಿದ್ದವು.

ಸಿಂಗರಸ ಪೇಟ ಬಿದ್ದದ್ದನ್ನೂ ಲೆಕ್ಕಿಸದೆ ಓಡಿಬಂದು ಗಡಿಗೆಯ ಬಾಯಿಗೆ ಬೊಗಸೆ ಒಡ್ಡಿದ.

“ಅಯ್ಯೋ ಪಾಪಿ! ಮೋರಿಗೆ ಸುರಿಯುವ ರಸವೇನೋ ಇದು? ವರ್ಷಗಟ್ಟಲೆ ಪೀಪಾಯಿಯಲ್ಲಿ ಮಲಗಿ ಹದವಾದದ್ದು! ಮೂಗಿಗೆ ನೇರಳೆ ಹಣ್ಣಿನ ಘಮ, ನಾಲಿಗೆಗೆ ಕಾಳುಮೆಣಸಿನ ಚುರುಕು, ನುಂಗಿದ ಮೇಲೂ ಎಷ್ಟೋ ಹೊತ್ತು ರುಚಿ ಬಾಯಿ ಬಿಟ್ಟು ಹೋಗುವುದಿಲ್ಲ! ಇಂಥದ್ದು ಈ ಸೀಮೆಯಲ್ಲೇ ಇಲ್ಲ ಕಣೋ!”

ಸಭೆಯವರೆಲ್ಲ ಅವನ ಕಡೆಗೆ ತಿರುಗಿದರು. ಆಗ ಸಿಂಗರಸನಿಗೆ ತಾನು ಆಡಿದ್ದು ತನ್ನ ಕಿವಿಗೇ ಕೇಳಿಸಿತು.

“ರುಚಿ ನೋಡಿದವರೇ ಸಲ್ಲುತ್ತದೆ ಎಂದಾಯಿತು,” ಎಂದ ಕೋನೇರಿ. “ಪ್ರಭುಗಳು ಇನ್ನು ಧಾರಾಳವಾಗಿ ಕುಡಿಯಬಹುದು.”

ದೊರೆ ಒಂದು ಬಟ್ಟಲು ಕುಡಿದ. ಬಟ್ಟಲನ್ನು ಮತ್ತೆ ಚಾಚಿದ. ಅದನ್ನೂ ಮುಗಿಸಿ, “ಹೊನ್ನೂರವ್ವ, ನಿನ್ನ ತೋಟದ ಒಂದು ಎಲೆ ಕಿತ್ತವನ ಕಿವಿ ಕೀಳಿಸುತ್ತೇನೆ, ಹೋಗು!” ಎಂದ. ಹೊನ್ನೂರವ್ವ ಅಳುತ್ತಲೇ ನಕ್ಕಳು. ಸಿಂಗರಸನನ್ನು ಕುದುರೆ ಲಾಯಕ್ಕೆ ಅಟ್ಟಿದರು, ಹುರುಳಿಯ ರುಚಿ ನೋಡಲು.

“ಕೋನೇರಿ, ಇವತ್ತಿನಿಂದ ನನ್ನ ಪಾನೀಯದ ರುಚಿ ನೋಡುವ ಪದವಿ ನಿನಗೆ!” ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೋನೇರಿ ತಳದಲ್ಲಿ ಉಳಿದದ್ದನ್ನು ಒಂದು ಗುಟುಕು ಹೀರಿದ. ಕಣ್ಣು ಮುಚ್ಚಿದ. ಆಮೇಲೆ ದೊರೆಯ ಕಾಲಿಗೆ ಬಿದ್ದ.

“ಬೇಡ ಪ್ರಭು, ಬೇರೆ ಯಾರಿಗಾದರೂ ಕೊಡಿ. ರಸ ಇಷ್ಟು ಚೆನ್ನಾಗಿದ್ದರೆ ನಾನೂ ‘ಸಲ್ಲದು’ ಅಂತಲೇ ಹೇಳೋದು!”