ದನಿಗುಪ್ಪೆ

ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ, ಉಪ್ಪಿನ ವ್ಯಾಪಾರಿಗಳ ಹಳೆಯ ದಾರಿ ಏರಿ ಏರಿ ಇನ್ನು ಉಸಿರೇ ಸಾಲದು ಎನ್ನುವಲ್ಲಿ, ಎರಡು ಶಿಖರಗಳ ನಡುವೆ ಆಳೆತ್ತರದ ಒಂದು ಕಲ್ಲುಗುಪ್ಪೆ ಇದೆ. ಅದರ ಹೆಸರನ್ನು ನಮ್ಮ ಮಾತಿಗೆ ತಂದರೆ ದನಿಗುಪ್ಪೆ ಎಂದಾಗುತ್ತದೆ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲದ ಜಾಗಕ್ಕೆ ಈ ಹೆಸರೇಕೆ ಎಂದು ಕೇಳಿದರೆ ಕೆಳಗಿನ ಹಳ್ಳಿಯ ಹಿರಿಯರು ಮೊದಲು ನಗುತ್ತಾರೆ, ಆಮೇಲೆ ಉರ್ಪಿ ಎಂಬ ಹೆಂಗಸಿನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಸ್ಪೇನಿನ ದಂಡು ಚಿನ್ನದ ಬೆನ್ನು ಹತ್ತಿ ಈ ಬೆಟ್ಟಗಳನ್ನು ಹೊಕ್ಕ ಕಾಲದಲ್ಲಿ, ಕಾಲು ಉಳುಕಿದ ಬೆಲ್ಟ್ರಾನ್ ಎಂಬ ಸೈನಿಕನನ್ನು ಜೊತೆಯವರು ಇದೇ ಹಳ್ಳಿಯಲ್ಲಿ ಬಿಟ್ಟು ಮುಂದೆ ಹೋದರಂತೆ. ದಂಡು ಊರಿನ ಕಣಜಗಳನ್ನೆಲ್ಲ ಬರಿದು ಮಾಡಿತ್ತು. ಹಾಗಾಗಿ ಅವನತ್ತ ಯಾರೂ ತಿರುಗಿ ನೋಡಲಿಲ್ಲ. ಉರ್ಪಿಗೂ ಸಿಟ್ಟಿತ್ತು. ಆದರೆ ಬಾಗಿಲ ಮುಂದೆ ಹಸಿದು ಕೂತವನನ್ನು ಬಿಟ್ಟು ಉಣ್ಣುವುದು ಅವಳಿಂದಾಗಲಿಲ್ಲ. ಬೈಯುತ್ತಲೇ ಆಲೂಗೆಡ್ಡೆಯ ಗಂಜಿ ಕೊಟ್ಟಳು, ಬೈಯುತ್ತಲೇ ಕಾಲಿಗೆ ಸೊಪ್ಪು ಕಟ್ಟಿದಳು. ಆ ಬೈಗುಳ ಕೇಳಿ ಕೇಳಿಯೇ ಅವನಿಗೆ ಅವಳ ಭಾಷೆ ಬಂತು ಎನ್ನುತ್ತಾರೆ.

ಕಾಲು ನೆಟ್ಟಗಾದ ಮೇಲೆ ಅವನ ಕಣ್ಣು ಬೆಟ್ಟದ ಮೇಲಿನ ಗುಪ್ಪೆಯ ಮೇಲೆ ಬಿತ್ತು. ಹಾದುಹೋಗುವವರೆಲ್ಲ ಅಲ್ಲಿ ಕಲ್ಲಿಟ್ಟು ತಲೆಬಾಗುತ್ತಿದ್ದರು. ಬರೀ ಕಲ್ಲಿಗೆ ಯಾರಾದರೂ ತಲೆಬಾಗುತ್ತಾರೆಯೇ, ಅಡಿಯಲ್ಲಿ ಚಿನ್ನ ಇರಲೇಬೇಕು ಎಂದುಕೊಂಡು ಉರ್ಪಿಯನ್ನು ಕೇಳಿದ.

"ಅಲ್ಲಿ ದಣಿವು ಬಿಟ್ರೆ ಇನ್ನೇನೂ ಇಲ್ಲಪ್ಪ. ಹತ್ತಿ ಬಂದೋರು ಒಂದು ಕಲ್ಲಿಟ್ಟು, ತಮ್ಮ ದಣಿವು ಇಳಿಸಿ ಹೋಗ್ತಾರೆ" ಎಂದಳು ಅವಳು.

ಇದ್ದದ್ದನ್ನೇ ಹೇಳಿದ್ದಳು, ಪಾಪ. ಚಿನ್ನದ ಹುಚ್ಚು ಹಿಡಿದವನಿಗೆ ಅದು ಏನನ್ನೋ ಮುಚ್ಚಿಡುವ ಮಾತಾಗಿ ಕೇಳಿಸಿತು. ಮರುದಿನ ಬೆಳಗ್ಗೆಯೇ ಹತ್ತಿ ಹೋಗಿ, ಗುಪ್ಪೆಯನ್ನು ಬುಡಸಮೇತ ಕಿತ್ತು, ಕಲ್ಲುಗಳನ್ನೆಲ್ಲ ಇಳಿಜಾರಿಗೆ ಉರುಳಿಸಿದ. ಅಡಿಯಲ್ಲಿ ಸಿಕ್ಕಿದ್ದು ಒದ್ದೆ ಮಣ್ಣು.

ಮಧ್ಯಾಹ್ನದ ಹೊತ್ತಿಗೆ ಹಿಮ ಸುರಿಯತೊಡಗಿತು. ಉರ್ಪಿ ಏದುಸಿರು ಬಿಡುತ್ತ ಹತ್ತಿ ಬಂದಳು. ಅವಳ ಗಂಡ ಪೌಕಾರ್ ಲಾಮಾ ಎಂಬ ಹೇರುಪ್ರಾಣಿಗಳ ಮೇಲೆ ಉಪ್ಪು ಹೇರಿಕೊಂಡು ಅಂದೇ ಆಚೆ ಕಡೆಯಿಂದ ಬರಬೇಕಿತ್ತು. ಹಿಮ ದಾರಿಯನ್ನು ಮುಚ್ಚಿದಾಗ ಕಣ್ಣಿಗೆ ಬೀಳುವುದು ಆ ಗುಪ್ಪೆಯೊಂದೇ. ಅದರ ಗುರುತು ತಪ್ಪಿದರೆ ಬಲಕ್ಕೆ ಪ್ರಪಾತ. ಬಯಲಾದ ಜಾಗವನ್ನು ಅವಳು ನೋಡಿದಳು. ಅಂದು ಮಾತ್ರ ಅವಳು ಬೈಯಲಿಲ್ಲ. "ನನ್ನ ಗಂಡ ಬರೋ ದಾರೀನೇ ಕಿತ್ತುಬಿಟ್ಯಲ್ಲೋ" ಎಂದಷ್ಟೇ ಹೇಳಿ ಕುಸಿದು ಕೂತಳು.

ಅವಳ ಬೈಗುಳಕ್ಕೆ ಒಗ್ಗಿಹೋಗಿದ್ದ ಬೆಲ್ಟ್ರಾನನಿಗೆ ಆ ಮೌನವನ್ನು ತಡೆಯಲಾಗಲಿಲ್ಲ. ಗುಪ್ಪೆ ಇದ್ದಲ್ಲೇ ತಾನು ನಿಂತ. ತಲೆಯ ಮೇಲಿನ ಉಕ್ಕಿನ ಶಿರಸ್ತ್ರಾಣ ತೆಗೆದು, ಕತ್ತಿಯ ಹಿಡಿಯಿಂದ ಅದನ್ನು ಬಡಿಯತೊಡಗಿದ. ಹಿಮ ಮೊಣಕಾಲಿಗೆ ಬಂತು, ಬೆರಳು ಮರಗಟ್ಟಿದವು, ಆದರೂ ಬಡಿಯುತ್ತಲೇ ಇದ್ದ. ಕೊನೆಗೆ ಆ ಬಿಳುಪಿನೊಳಗಿಂದ ಲಾಮಾ ಒಂದರ ಕಿವಿ ಕಂಡಿತು. ಅದರ ಹಿಂದೆ, ಸದ್ದಿನ ಜಾಡು ಹಿಡಿದು ಬಂದ ಪೌಕಾರ್. ಉರ್ಪಿ ಅತ್ತಳು, ಕಣ್ಣೊರೆಸಿಕೊಂಡಳು, ಹಿಮ ಕೆದಕಿ ಒಂದು ಕಲ್ಲನ್ನು ತೆಗೆದು ಬೆಲ್ಟ್ರಾನನ ಕೈಗಿತ್ತಳು.

"ನೀನೂ ದಣಿದಿದೀಯ. ಇಡು."

ಹೊಸ ಗುಪ್ಪೆಯ ಮೊದಲ ಕಲ್ಲು ಅದೇ. ಉಳಿದವನ್ನು ಅವನು ತಿಂಗಳುಗಟ್ಟಲೆ ಹೊತ್ತು ತಂದ. ಮತ್ತೆ ಅವಳ ಬೈಗುಳವೂ ಶುರುವಾಯಿತು. ಶಿರಸ್ತ್ರಾಣವನ್ನು ಗುಪ್ಪೆಯ ಅಡಿಯಲ್ಲೇ ಇಟ್ಟ ಎನ್ನುತ್ತಾರೆ. ಯಾರೂ ಅಗೆದು ನೋಡಿಲ್ಲ. ಇಂದಿಗೂ ಅಲ್ಲಿಗೆ ಹತ್ತಿ ಬಂದವರು ಕಲ್ಲಿಡುವ ಮೊದಲು ಅದನ್ನು ಇನ್ನೊಂದಕ್ಕೆ ಎರಡು ಸಲ ಕುಟ್ಟಿ ಸದ್ದು ಮಾಡುತ್ತಾರೆ. ಆಚೆ ಕಡೆಯಿಂದ ಯಾರ ಮನೆಯವರೋ ಬರುತ್ತಿರಬಹುದಲ್ಲ.